ಧಾರಾವಾಹಿ ನೋಡದ ಗೃಹಸ್ಥ

ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗಿನ ಹೊತ್ತನ್ನು, ಅಂದರೆ ಹೆಚ್ಚು ಮನೆಗಳಲ್ಲಿ ಟಿ.ವಿ. ಉರಿಯುವುದರಿಂದ ಜಾಹೀರಾತಿನ ದರವೂ ಏರಿ, ವಾಹಿನಿಗಳವರು ಪ್ರೈಮ್ ಟೈಮ್ ಎಂದು ಕರೆಯುವ ಅವಧಿಯನ್ನು, ಕುರಿತು ಮಾತನಾಡುವವರೆಲ್ಲ ಧಾರಾವಾಹಿ ನೋಡುವವರ ಮೇಲೆಯೇ ಕಣ್ಣಿಟ್ಟು, ನೋಡದವರನ್ನು ಅಲಕ್ಷಿಸಿದ್ದಾರೆ. ಕನ್ನಡದ ಮಧ್ಯಮವರ್ಗದ ಮನೆಗಳಲ್ಲಿ ಈ ಎರಡನೆಯ ಪಂಗಡದ ಶ್ರೇಷ್ಠ ಮಾದರಿಯೆಂದರೆ ಬ್ಯಾಂಕಿನಿಂದಲೋ ಪ್ರೌಢಶಾಲೆಯಿಂದಲೋ ನಿವೃತ್ತನಾಗಿ, 'ಈ ಸೀರಿಯಲ್ಲು ಗೀರಿಯಲ್ಲು ನಮಗೆ ಆಗಿಬರೋದಿಲ್ಲ' ಎಂದು ಬಂದವರಿಗೆಲ್ಲ, ಅವರು ಕೇಳದಿದ್ದರೂ, ತಿಳಿಸುವ ಗೃಹಸ್ಥ.

ನೋಡದಿರುವುದಕ್ಕೂ ವಿಧಿಗಳಿವೆ. ಸೋಫಾದಲ್ಲಿ ಕೂತವನು ವೀಕ್ಷಕನೆನಿಸಿಕೊಳ್ಳುವುದರಿಂದ ಈತ ಊಟದ ಮೇಜಿನ ಕುರ್ಚಿಯೊಂದನ್ನು ಟಿ.ವಿ.ಗೆ ಓರೆಯಾಗಿ ಎಳೆದುಕೊಂಡು, ಸಂಪಾದಕೀಯದಿಂದ ಶ್ರದ್ಧಾಂಜಲಿಯವರೆಗೆ ಬೆಳಿಗ್ಗೆಯೇ ಓದಿ ಮುಗಿಸಿದ ಪತ್ರಿಕೆಯನ್ನು ಮತ್ತೆ ಬಿಡಿಸಿ ಹಿಡಿಯುತ್ತಾನೆ. ಪತ್ರಿಕೆಯ ಮೇಲಂಚು ಕಣ್ಣಿಗಿಂತ ಒಂದು ಬೆರಳು ಕೆಳಗಿರುತ್ತದೆ. ಪುಟ ತಿರುವುವುದು ಜಾಹೀರಾತು ಬಂದಾಗ ಮಾತ್ರ. ನಾಯಕಿಯ ಗುಟ್ಟೊಂದು ಬಯಲಾಗಿ, ಗುಡುಗಿನ ಸದ್ದಿನೊಡನೆ ಮನೆಮಂದಿಯ ಮುಖಗಳನ್ನೆಲ್ಲ ಒಂದಾದ ಮೇಲೊಂದರಂತೆ ಮೂರು ಮೂರು ಸಲ ತೋರಿಸುವ ಘಟ್ಟದಲ್ಲಿ, 'ಥತ್, ಏನು ತೆಗೀತಾರೋ' ಎಂದು ಈತ ಉದ್ಗರಿಸುವುದುಂಟು. ಆದರೆ ಆ ಕ್ಷಣದಲ್ಲಿ ಯಾರಾದರೂ ನಡುವೆ ಹಾದುಹೋದರೆ ಈತನ ಕತ್ತು ತಾನಾಗಿಯೇ ಪಕ್ಕಕ್ಕೆ ಬಾಗುತ್ತದೆ.

ಮನೆಯೊಡತಿ ಮುಚ್ಚುಮರೆಯಿಲ್ಲದ ವೀಕ್ಷಕಿ. ಆದರೆ ಹುರುಳಿಕಾಯಿಯ ನಾರು ತೆಗೆಯುತ್ತ, ಕುಕ್ಕರಿನ ಸೀಟಿ ಎಣಿಸುತ್ತ, ಮಗಳ ಫೋನಿಗೆ ಹೂಂಗುಟ್ಟುತ್ತ ನೋಡಬೇಕಾದ್ದರಿಂದ ಕಂತಿನ ಅರ್ಧ ಆಕೆಗೆ ದಕ್ಕುವುದಿಲ್ಲ. ಆ ಅರ್ಧವನ್ನು ತುಂಬಿಕೊಡುವವನು ನೋಡದವನೇ. 'ಇವಳ್ಯಾಕೆ ಆಸ್ಪತ್ರೆಯಲ್ಲಿದ್ದಾಳೆ?' ಎಂದು ಆಕೆ ಕೇಳಿದರೆ, 'ಏನೋಪ್ಪ, ಕಿವಿಗೆ ಬಿದ್ದದ್ದು' ಎಂಬ ಪೀಠಿಕೆ ಹಾಕಿ, ಹಾಲಿಗೆ ಪುಡಿ ಬೆರೆಸಿದವಳು ನಾದಿನಿಯಲ್ಲ, ನಾದಿನಿಯಂತೆ ನಟಿಸುತ್ತಿರುವ ಮಾವನ ಮೊದಲ ಸಂಬಂಧದ ಮಗಳು ಎಂಬುದನ್ನೂ, ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಹಿಂದಿನ ಮಹಾಸಂಚಿಕೆಯಲ್ಲಿ, ಅಂದರೆ ಅರ್ಧ ಗಂಟೆಯ ಕಥೆಯನ್ನು ಒಂದು ಗಂಟೆಗೆ ಹಿಗ್ಗಿಸುವ ಆ ವಿಶೇಷ ಕಂತಿನಲ್ಲಿ, ಎಂಬುದನ್ನೂ ಲೆಕ್ಕಪರಿಶೋಧಕನ ನಿಖರತೆಯಿಂದ ವಿವರಿಸುತ್ತಾನೆ. ವಿದ್ಯುತ್ ಹೋದಾಗ ಸಹಾಯವಾಣಿ 1912ಕ್ಕೆ ಮೊದಲು ಕರೆ ಮಾಡುವವನೂ ಈತನೇ; ಫ್ಯಾನಿಲ್ಲದೆ ಸೆಖೆಯೆಂಬ ಕಾರಣವನ್ನು ಧನುರ್ಮಾಸದಲ್ಲಿಯೂ ಕೊಡಲು ಹಿಂಜರಿಯುವುದಿಲ್ಲ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. 1987ರಲ್ಲಿ ರಮಾನಂದ ಸಾಗರರ 'ರಾಮಾಯಣ' ಭಾನುವಾರ ಬೆಳಿಗ್ಗೆ ಬರತೊಡಗಿದಾಗ ಇದೇ ವ್ಯಕ್ತಿ ಸ್ನಾನ ಮುಗಿಸಿ, ನೆರೆಯವರಿಗೆ ಚಾಪೆ ಹಾಸಿ, ರಾಜಾರೋಷವಾಗಿ ಪರದೆಯ ಎದುರಿಗೇ ಕೂರುತ್ತಿದ್ದ. ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿದ್ದನ್ನಂತೂ ಇಂದಿಗೂ ಪದವಿಯಂತೆ ಹೇಳಿಕೊಳ್ಳುತ್ತಾನೆ. ಇರುವುದೊಂದೇ ದೂರದರ್ಶನ ಎಂಬ ಕಾಲದಲ್ಲಿ ನೋಡುವುದು ಪೌರಕರ್ತವ್ಯದಂತಿತ್ತು. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ ಬಂದು, ವಾರಕ್ಕೊಮ್ಮೆ ಕಾಯಬೇಕಾಗಿದ್ದ ಕಥೆ ದಿನವೂ ಮನೆಬಾಗಿಲಿಗೆ ಬರುವಂತಾದ ಮೇಲೆ ಧಾರಾವಾಹಿ ನೋಡುವುದು ಮಾಡಲು ಕೆಲಸವಿಲ್ಲದವರ ಲಕ್ಷಣವೆನಿಸಿತು. ನಿವೃತ್ತಿಯ ಮರುದಿನದಿಂದ ನಿಜವಾಗಿಯೂ ಕೆಲಸವಿಲ್ಲದವನಾದ ಈತನಿಗೆ ಆ ಅಪವಾದವಷ್ಟೇ ಬೇಡವಾಯಿತು. ನ್ಯಾಯಾಲಯದ ವಾದವಿವಾದಕ್ಕೆ ಹೆಸರಾದ ಟಿ.ಎನ್. ಸೀತಾರಾಮ್ ಅವರ 'ಮುಕ್ತ'ದಂಥ ಕೃತಿಗಳಿಗೆ ಮಾತ್ರ ಈತನ ನಿಯಮದಲ್ಲಿ ವಿನಾಯಿತಿಯುಂಟು: ಈತನ ವರ್ಗೀಕರಣದಲ್ಲಿ ಅವು ಧಾರಾವಾಹಿಗಳಲ್ಲ, ಕಾನೂನು ಶಿಕ್ಷಣ.

ಇಂಥವನನ್ನು ಅಳೆಯುವ ಸಾಧನ ಇನ್ನೂ ಬಂದಿಲ್ಲ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರೆಂದು ಸೂಚಿಸುವ, ವಾಹಿನಿಗಳ ಜೀವ ಹಿಡಿದಿಟ್ಟಿರುವ ಅಂಕಿಗೆ ಟಿಆರ್‌ಪಿ ಎಂದು ಹೆಸರು. ಅದಕ್ಕಾಗಿ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರು ಇಡುತ್ತದೆ. ಕಾರ್ಯಕ್ರಮದ ಧ್ವನಿಯಲ್ಲಿ ಕಿವಿಗೆ ಕೇಳದಂತೆ ಬೆರೆಸಿದ ಗುರುತನ್ನು ಹಿಡಿದು ವಾಹಿನಿ ಯಾವುದೆಂದು ಅದು ತಾನೇ ತಿಳಿಯುತ್ತದೆಯಾದರೂ, ನೋಡುತ್ತಿರುವವರು ಯಾರೆಂಬುದನ್ನು ಮನೆಯವರೇ ತಮ್ಮ ತಮ್ಮ ಗುಂಡಿ ಒತ್ತಿ ತಿಳಿಸಬೇಕು. ಅಂಥ ಮೀಟರು ಈತನ ಮನೆಗೇ ಬಂದಿತೆನ್ನೋಣ. ಒಡತಿ ತನ್ನ ಗುಂಡಿ ಒತ್ತಿ ಒಗ್ಗರಣೆಗೆ ಎದ್ದು ಹೋಗುತ್ತಾಳೆ, ಆಕೆಯದು ಲೆಕ್ಕಕ್ಕೆ ಸೇರುತ್ತದೆ. ಕಣ್ಣು ಮಿಟುಕಿಸದೆ ಕುರ್ಚಿಯಲ್ಲಿರುವವನು ತತ್ವಕ್ಕೆ ಕಟ್ಟುಬಿದ್ದು ಗುಂಡಿ ಮುಟ್ಟುವುದಿಲ್ಲ. ಹೀಗೆ ಸೊರಗಿದ ಅಂಕಿಯನ್ನು ಕಂಡು ವಾಹಿನಿಯವರು ಖಳನಾಯಕಿಗೆ ಒಂದೇ ವಾರದಲ್ಲಿ ಪಶ್ಚಾತ್ತಾಪ ತರಿಸಿ, ಕಥೆಯನ್ನು ಗಡಿಬಿಡಿಯಲ್ಲಿ ಮುಗಿಸಿಬಿಟ್ಟಾಗ, ಮರುದಿನ ಬೆಳಿಗ್ಗೆ ಉದ್ಯಾನದ ಕಲ್ಲುಬೆಂಚಿನಲ್ಲಿ, ತಾನು ನೋಡಿದವನಲ್ಲವೆಂದು ಮೊದಲೇ ಸ್ಪಷ್ಟಪಡಿಸಿ, ಆ ವಕೀಲನ ತಮ್ಮನಿಗೆ ಜಾಮೀನು ಸಿಕ್ಕಿತೋ ಇಲ್ಲವೋ ಹೇಳದೆ ನಿಲ್ಲಿಸಿದ್ದು ಮಹಾ ಅನ್ಯಾಯವೆಂದೂ, ಒಳ್ಳೆಯದನ್ನು ನೋಡುವ ಜನವೇ ಈಗ ಇಲ್ಲವೆಂದೂ ಈತ ಮರುಗುತ್ತಾನೆ.