ವೀಣೆಯ ಯಜಮಾನರು

ಮೈಸೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ನಿವೃತ್ತಿಯ ಹಣದಲ್ಲಿ ವೀಣೆ ಕೊಂಡ ರಾಯರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಬೀದಿಗೂ ಒಬ್ಬರಿದ್ದಾರೆ.

ಅವರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ವೀಣೆಯ ದರ್ಶನ. ಅದು ಜಮಖಾನದ ಮೇಲೆ ರೇಷ್ಮೆ ಗವಸು ಹೊದ್ದು ಮಲಗಿರುತ್ತದೆ. ಗವಸು ತೆಗೆಯುವಾಗ ರಾಯರು ಮಾತಾಡುವುದಿಲ್ಲ. ತೆಗೆದ ಮೇಲೆ ಮಾತು ನಿಲ್ಲಿಸುವುದಿಲ್ಲ. "ಏಕಾಂಡ ವೀಣೆ ಸ್ವಾಮೀ! ಕೊಡ, ದಂಡಿ ಎಲ್ಲಾ ಒಂದೇ ಹಲಸಿನ ತುಂಡು. ಎಲ್ಲೂ ಜೋಡಣೆ ಇಲ್ಲ, ಬೇಕಾದ್ರೆ ಕೈಯಾಡಿಸಿ ನೋಡಿ." ಕೈ ಚಾಚಿದಿರೋ, "ಅಯ್ಯೋ, ಬೆವರು ತಾಗತ್ತೆ!"

ನುಡಿಸಿ ಎಂದರೆ ಶ್ರುತಿ ಮಾಡಲು ಕೂರುತ್ತಾರೆ. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಒಟ್ಟು ಏಳು ಬಿರಡೆಗಳ ಜೊತೆ ಹೆಣಗಾಟ. ಸಾರಣಿ ಕೂಡಿತು ಅನ್ನುವಷ್ಟರಲ್ಲಿ ಪಂಚಮ ಜಾರುತ್ತದೆ. ಪಂಚಮವನ್ನು ಹಿಡಿದು ತರುವಷ್ಟರಲ್ಲಿ ಸಾರಣಿ ಮುನಿಸಿಕೊಂಡಿರುತ್ತದೆ. ಬಿರಡೆಗೆ ಸೀಮೆಸುಣ್ಣ ಬಳಿದು, ಮೊಬೈಲಿನ ಶ್ರುತಿ ಆ್ಯಪನ್ನು ಗದರಿಸಿ, "ಪಾಪ, ಅವರು ಬಸ್ ಹಿಡೀಬೇಕಂತೆ" ಎಂದು ಮನೆಯವರು ಒಳಗಿನಿಂದ ಕೂಗುವ ತನಕ ಇದು ನಡೆಯುತ್ತದೆ. ಕೊನೆಗೆ ಬರುವುದು ಒಂದು ಪಿಳ್ಳಾರಿ ಗೀತೆ. ರಾಗ ಮಲಹರಿ ಎಂದು ಮೊದಲೇ ಹೇಳಿಬಿಡುತ್ತಾರೆ, ಒಳ್ಳೆಯದೇ.

ತಪ್ಪು ಎಂದೂ ರಾಯರದಲ್ಲ. ವೀಣೆಯ 24 ಮೆಟ್ಟುಗಳು ಕೂತಿರುವುದು ಮೇಣದ ಮೇಲೆ. ಬೇಸಿಗೆಗೆ ಮೇಣ ಮೆತ್ತಗಾಗಿ ಮೆಟ್ಟು ಅಲುಗಿದರೆ ಅಪಸ್ವರ ಬರುತ್ತದೆ, ನಿಜ. ಆದರೆ ರಾಯರ ಮೇಣ ಮಾಗಿಯ ಚಳಿಯಲ್ಲೂ ಕರಗುತ್ತದೆ. "ಮೇಳ ಕಟ್ಟಿಸ್ಬೇಕು, ಅಲ್ಲೀತನಕ ಗಮಕದ ತಂಟೆಗೆ ಹೋಗಬಾರದು!"

ತಂತಿ ಉಜ್ಜಿ ಉಜ್ಜಿ ಎಡಗೈಯ ಎರಡು ಬೆರಳ ತುದಿಯಲ್ಲಿ ಕಪ್ಪು ಗೆರೆ ಬಿದ್ದಿದೆ. ಸೊಪ್ಪಿನವಳಿಗೆ ಚಿಲ್ಲರೆ ಎಣಿಸುವಾಗಲೂ ಆ ಗೆರೆ ಮೇಲೆ ಕಾಣುವಂತೆ ಎಣಿಸುತ್ತಾರೆ. ಬಲಗೈಯಲ್ಲಿ ಮೀಟಲೆಂದು ಬಿಟ್ಟ ಉಗುರುಗಳಿಂದಾಗಿ ತೆಂಗಿನಕಾಯಿ ತುರಿಯುವ ಕೆಲಸದಿಂದ ಕಾಯಂ ವಿನಾಯಿತಿ.

ವೀಣೆ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. "ನಮ್ಮ ಶೇಷಣ್ಣೋರು" ಎಂದು ರಾಯರು ಹೇಳುವ ಧಾಟಿ ಕೇಳಿದರೆ, ನಿನ್ನೆ ಸಂಜೆಯಷ್ಟೇ ಅವರು ಇಲ್ಲಿ ಉಪ್ಪಿಟ್ಟು ತಿಂದು ಹೋದರೇನೋ ಅನ್ನಿಸಬೇಕು. ದೊರೆಸ್ವಾಮಿ ಅಯ್ಯಂಗಾರ್ಯರ ಮಾತು ಬಂದರಂತೂ ಕಣ್ಣು ಮುಚ್ಚಿಬಿಡುತ್ತಾರೆ. ಮೈಸೂರು ಬಾನಿ ಉಳಿಯಬೇಕು ಎನ್ನುವ ಅವರ ಕಾಳಜಿ ಸುಳ್ಳಲ್ಲ. ಉಳಿಸುವವರು ಯಾರು ಎಂದು ಮಾತ್ರ ಯಾರೂ ಕೇಳಿಲ್ಲ.

ರಾಯರು ನಿಜವಾಗಿ ನಿರಾಳವಾಗಿರುವುದು ನವರಾತ್ರಿಯಲ್ಲಿ. ಸರಸ್ವತಿ ಪೂಜೆಗೆಂದು ವೀಣೆಯನ್ನು ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಗೊಂಬೆ ನೋಡಲು ಬಂದವರಲ್ಲಿ ಯಾರಾದರೂ ನುಡಿಸಿ ಎನ್ನಲಿ ಎಂದೇ ಕಾದಿದ್ದು, "ಛೆ ಛೆ, ಈಗ ಕೇಳ್ತಿದ್ದೀರಲ್ಲ!" ಎಂದು ಮರುಗುತ್ತಾರೆ.

ದಶಮಿ ಕಳೆದ ಮೇಲೆ ಆ ಮನೆಗೆ ಹೋಗುವವರಿದ್ದರೆ ತಿಂಡಿ ತಿಂದು ಹೋಗಬೇಡಿ. ಏಳನೆಯ ತಂತಿ ಕೂಡುವ ಹೊತ್ತಿಗೆ ಮನೆಯವರು ಒಂದು ಒಬ್ಬೆ ಚಕ್ಕುಲಿ ಕರಿದಿರುತ್ತಾರೆ. ಚಕ್ಕುಲಿ ಬಹಳ ಚೆನ್ನಾಗಿರುತ್ತದೆ.