ಗೈರುಹಾಜರಾದ ವನ್ಯಮೃಗಗಳಿಗೆ ಕಾರಣ ಕೇಳಿ ನೋಟಿಸು

ಗೆ,
ಶ್ರೀ ಕರಿಚಿರತೆ, ಕಬಿನಿ ಹಿನ್ನೀರು. ಶ್ರೀ ಚಿಪ್ಪುಹಂದಿ, ಕಾಯಂ ವಿಳಾಸವಿಲ್ಲ. ಶ್ರೀ ತರಕರಡಿ, ಕಾವೇರಿ ವನ್ಯಧಾಮ. ಕುಮಾರಿ ಕಾಡುಪಾಪ, ಯಾವುದೋ ಒಂದು ಮರ. ಶ್ರೀಮತಿ ಮಲಬಾರ್ ಪುನುಗುಬೆಕ್ಕು, ಇದ್ದರೆ.

ವಿಷಯ: ಹದಿನಾಲ್ಕು ದಿನಗಳ ಸಫಾರಿಯಲ್ಲಿ ತಾವು ಅನಧಿಕೃತವಾಗಿ ಗೈರುಹಾಜರಾದ ಬಗ್ಗೆ.
ಉಲ್ಲೇಖ: ಪ್ರವಾಸ ಕಂಪನಿಯ ಬಣ್ಣದ ಕರಪತ್ರ, ಪುಟ 3, ತಮ್ಮೆಲ್ಲರ ಭಾವಚಿತ್ರ ಸಹಿತ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಾನು ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ತಾಲ್ಲೂಕು ಕಚೇರಿಯ ಶಿರಸ್ತೇದಾರನಾಗಿ ನಿವೃತ್ತನಾದವನು. ಬಂದ ನಿವೃತ್ತಿ ಉಪದಾನದ (ಡಿ.ಸಿ.ಆರ್.ಜಿ.) ಹಣದಲ್ಲಿ ಮಗಳ ಮದುವೆ ಸಾಲ ತೀರಿಸಿ, ಉಳಿದದ್ದನ್ನು ತಮ್ಮ ದರ್ಶನಕ್ಕೆಂದು ಕಟ್ಟಿದೆ. ‘ಕರ್ನಾಟಕದ ಅಪರೂಪದ ಸಸ್ತನಿಗಳು’ ಎಂಬ ಹೆಸರಿನ ಆ ಯಾತ್ರೆಗೆ ನಾನು, ನನ್ನ ಮನೆಯವಳು, ಬೆಂಗಳೂರಿನ ಐದು ಜನ ಕ್ಯಾಮೆರಾದವರು, ಒಬ್ಬ ಗೈಡು ಹೊರಟೆವು. ಕ್ಯಾಮೆರಾದವರ ಲೆನ್ಸುಗಳು ನಮ್ಮೂರ ಜಾತ್ರೆಯ ತುತ್ತೂರಿಯಷ್ಟು ಉದ್ದ. ನನ್ನ ಹತ್ತಿರ ಒಂದು ನೋಟ್‌ಬುಕ್ಕು ಇತ್ತು. ಬೇರೆ ಪ್ರವಾಸಿಗರು ಅದರಲ್ಲಿ ಪ್ರಾಣಿಗಳ ಪಟ್ಟಿ ಬರೆಯುತ್ತಾರಂತೆ. ನಾನು ಅಭ್ಯಾಸಬಲದಿಂದ ಹಾಜರಿ ಪುಸ್ತಕದ ಗೆರೆ ಎಳೆದುಕೊಂಡೆ.

ಮೊದಲ ದಿನವೇ ಕೆಲಸ ಚೆನ್ನಾಗಿ ಶುರುವಾಯಿತು ಎಂಬುದನ್ನು ದಾಖಲಿಸಬೇಕು. ಹಂಪಿ ಹತ್ತಿರದ ದರೋಜಿ ಕರಡಿಧಾಮದಲ್ಲಿ ಕರಡಿ ಹೇಳಿದ ಹೊತ್ತಿಗೆ ಬಂತು. ಒಂದಲ್ಲ, ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯೂ ಸೇರಿ ನಾಲ್ಕು. ಇಂಥ ಶಿಸ್ತು ಹೇಗೆ ಬಂತೆಂದು ವಿಚಾರಿಸಿದೆ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ನೆಕ್ಕಲು ಬರುತ್ತವೆ ಎಂದರು. ನನಗೆ ಕರಡಿಯ ಮೇಲೆ ತಕ್ಷಣ ಗೌರವ ಮೂಡಿತು. ಕಡತ ಯಾವುದರಿಂದ ಅಲುಗಾಡುತ್ತದೆ ಎಂಬ ಮರ್ಮವನ್ನು ಇಷ್ಟು ಸರಳವಾಗಿ ಅರಿತ ಪ್ರಾಣಿ ಇನ್ನೊಂದಿಲ್ಲ. ತಮ್ಮಲ್ಲಿ ಉಳಿದವರಿಗೆ ಬೆಲ್ಲ ಬೇಡವಾದರೆ ಏನು ಬೇಕೆಂದು ಲಿಖಿತವಾಗಿ ತಿಳಿಸಬಹುದಿತ್ತು.

ಅಲ್ಲಿಂದ ದಾಂಡೇಲಿ. ಅಲ್ಲಿ ಮಳೆ, ಅಷ್ಟೆ.

ಆಮೇಲೆ ಹೊನ್ನಾವರದ ದಾರಿಯ ಕತ್ತಲೆಕಾನಿನಲ್ಲಿ ಸಿಂಗಳೀಕ ಸಿಕ್ಕಿತು. ಮುಖದ ಸುತ್ತ ಬೆಳ್ಳಗಿನ ಕೂದಲು, ಬಾಲದ ತುದಿಯಲ್ಲಿ ಗೊಂಡೆ, ಕೊಂಬೆಯ ಮೇಲೆ ಕೂತ ಭಂಗಿ ಪಿಂಚಣಿ ಕಡತ ನೋಡುವ ಹಿರಿಯ ಗುಮಾಸ್ತನದ್ದೇ. ಅವರ ಹೆಸರನ್ನು ಈ ನೋಟಿಸಿನಿಂದ ಕೈಬಿಟ್ಟಿದ್ದೇನೆ. ಆದರೆ ಅವರಿಗೊಂದು ಕಿವಿಮಾತು ಹೇಳುವುದು ನನ್ನ ಕರ್ತವ್ಯ. ಸ್ವಾಮಿ, 2019ರಲ್ಲಿ ಶರಾವತಿ ಕಣಿವೆಯಲ್ಲಿ ತಮ್ಮ ಹೆಸರಿಗೇ ಅಭಯಾರಣ್ಯ ಘೋಷಣೆಯಾಗಿದೆ, ಸಂತೋಷ. ಅದೇ ಕಣಿವೆಯಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯ ಕಡತವೂ ಓಡಾಡಿದೆ. ಪಹಣಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಜಮೀನು ನಮ್ಮದೇ ಎಂದು ನಂಬಿ ಕೂತವರನ್ನು ನಾನು ಮೂವತ್ತನಾಲ್ಕು ವರ್ಷ ಕಿಟಕಿಯ ಆಚೆ ನೋಡಿದ್ದೇನೆ. ತಾವು ನೆಲಕ್ಕೆ ಇಳಿಯುವುದೇ ಕಡಿಮೆ, ಕೊಂಬೆಯಿಂದ ಕೊಂಬೆಗೇ ಹೋಗುವವರು. ನಡುವಿನ ನಾಲ್ಕು ಮರ ಹೋದರೂ ತಮಗೆ ಅದು ಸರ್ವೆ ಕಲ್ಲು ಕಿತ್ತ ಹಾಗೆ.

ಇನ್ನು ನೋಟಿಸಿನ ಮುಖ್ಯ ಆರೋಪಿ.

ಶ್ರೀ ಕರಿಚಿರತೆಯವರೇ, ತಮಗಾಗಿ ಕಬಿನಿಯಲ್ಲಿ ನಾಲ್ಕು ದಿನ ಕಾದೆವು. ಎಂಟು ಸಫಾರಿ. ಪ್ರತಿ ಸಲವೂ ಡ್ರೈವರ್ ಒಂದು ಮರ ತೋರಿಸಿ, “ಮೊನ್ನೆ ಇಲ್ಲೇ ಮಲಗಿತ್ತು ಸಾರ್” ಅನ್ನುತ್ತಿದ್ದ. ಈ ಮೊನ್ನೆ ಎಂಬುದು ಯಾವ ವಾರಕ್ಕೂ ಸೇರದ ದಿನ ಎಂದು ಎರಡನೆಯ ದಿನವೇ ಗೊತ್ತಾಯಿತು. ದಾರಿಯ ಧೂಳಿನಲ್ಲಿ ತಮ್ಮ ಹೆಜ್ಜೆ ಇತ್ತು, ಮತ್ತಿಮರದ ತೊಗಟೆಯ ಮೇಲೆ ಉಗುರಿನ ಗೀರು ಇತ್ತು. ಕುರ್ಚಿಗೆ ಕೋಟು ನೇತುಹಾಕಿ ಕಾಫಿಗೆ ಹೋಗಿ ಸಂಜೆಯವರೆಗೂ ಬಾರದ ಅಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದವನು ನಾನು. ಈ ತಂತ್ರ ನನಗೆ ಹೊಸದಲ್ಲ.

ಅಲ್ಲದೆ ತಮ್ಮ ಜಾತಿ ಪ್ರಮಾಣಪತ್ರವನ್ನೂ ಪರಿಶೀಲಿಸಿದ್ದೇನೆ. ಕರಪತ್ರದಲ್ಲಿ ತಮ್ಮನ್ನು ಬೇರೆಯೇ ಜಾತಿ ಎಂಬಂತೆ ತೋರಿಸಿದ್ದಾರೆ. ದಾಖಲೆಯ ಪ್ರಕಾರ ತಾವು ಸಾಮಾನ್ಯ ಚಿರತೆ. ತಂದೆಯಿಂದೊಂದು, ತಾಯಿಯಿಂದೊಂದು ಅಡಗಿದ್ದ ಗುಣ ಬಂದು ಕೂಡಿದ್ದರಿಂದ ಮೈ ಕಪ್ಪಾಗಿದೆ. ಓರೆ ಬಿಸಿಲು ಬಿದ್ದರೆ ಆ ಕಪ್ಪಿನೊಳಗೂ ಚುಕ್ಕೆಗಳು ಕಾಣುತ್ತವೆ. ಒಡಹುಟ್ಟಿದವರು ಹಳದಿ ಮೈಯವರಾಗಿರಬಹುದು. 2022ರ ಅಂದಾಜಿನಂತೆ ರಾಜ್ಯದಲ್ಲಿ ತಮ್ಮ ಬಳಗ 1879. ಅದರಲ್ಲೊಬ್ಬ ಹಳದಿ ಚಿರತೆ ಮೂರನೇ ದಿನ ನಮ್ಮ ಜೀಪಿನೆದುರು ದಾರಿ ದಾಟಿ, ನಿಂತು, ತಿರುಗಿ ನೋಡಿ ಹೋಯಿತು. ಕ್ಯಾಮೆರಾದವರಲ್ಲಿ ಒಬ್ಬ, “ಛೆ, ನಾರ್ಮಲ್” ಅಂದ. ಕಪ್ಪು ಮೈಗೆ ಈ ದೇಶದಲ್ಲಿ ಇಷ್ಟು ಬೇಡಿಕೆ ಬಂದದ್ದು ಕಂಡು ನನ್ನ ಮನೆಯವಳಿಗೆ ತುಂಬಾ ಆಶ್ಚರ್ಯ. ನಮ್ಮ ಮಗಳಿಗೆ ಗಂಡು ಹುಡುಕುವಾಗ ಆದ ಅನುಭವವೇ ಬೇರೆ.

ಇದಕ್ಕಿಂತ ಗಂಭೀರ ಸಂಗತಿ ನಡೆದದ್ದು ಅದೇ ಸಂಜೆ. ದಾರಿಯ ಮಧ್ಯೆ ಹನ್ನೊಂದು ಸೀಳುನಾಯಿಗಳು ಕೂತಿದ್ದವು. ಕೆಂಪು ಮೈ, ಕರಿ ಬಾಲ, ಮರಿಗಳ ಆಟ. ಸಿಳ್ಳೆ ಹಾಕಿದ ಹಾಗೆ ಪರಸ್ಪರ ಕರೆಯುತ್ತಿದ್ದವು. ಡ್ರೈವರ್ ಎಂಜಿನ್ ಆರಿಸಿದ. ಅಷ್ಟರಲ್ಲಿ ಇನ್ನೊಂದು ಜೀಪಿನಿಂದ ಸುದ್ದಿ ಬಂತು: ನೀರಿನ ದಂಡೆಯಲ್ಲಿ ಹುಲಿ. “ನಾಯಿ ಆಮೇಲೆ ನೋಡಣ, ನಡೀರಿ” ಎಂದು ನಮ್ಮವರು ಗುಲ್ಲೆಬ್ಬಿಸಿದರು. ಭಾರತದಲ್ಲಿ ಹುಲಿಗಳ ಸಂಖ್ಯೆ 2022ರ ಎಣಿಕೆಯಲ್ಲಿ 3682. ಇಡೀ ಜಗತ್ತಿನಲ್ಲಿ ಪ್ರಾಯಕ್ಕೆ ಬಂದ ಸೀಳುನಾಯಿಗಳು ಹೆಚ್ಚೆಂದರೆ ಎರಡು ಸಾವಿರದ ಆಸುಪಾಸು ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಇವನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಈಗ ಬಹುಮಾನ ಇಲ್ಲ, ನಾವು ನೋಡದೆ ಮುಂದೆ ಹೋಗುತ್ತೇವೆ. ಅಪರೂಪದ ಸಸ್ತನಿ ಹುಡುಕಿ ಬಂದವರು ಅಪರೂಪದ ಹನ್ನೊಂದು ಸಸ್ತನಿಗಳನ್ನು ಹಾರ್ನ್ ಹೊಡೆದು ದಾರಿಯಿಂದ ಎಬ್ಬಿಸಿ, ಧೂಳೆಬ್ಬಿಸಿಕೊಂಡು ಹೋದೆವು. ದಂಡೆಯಲ್ಲಿ ಹದಿನಾಲ್ಕು ಜೀಪುಗಳಿದ್ದವು. ಹುಲಿಯ ಬಾಲ ಲಂಟಾನದೊಳಗೆ ಹೋಗುತ್ತಿತ್ತು. ಕನಿಷ್ಠ ಹದಿಮೂರು ಜನ ಮೊಬೈಲಿನಲ್ಲಿ ಆ ಜಾಗದ ಗುರುತು ಯಾರಿಗೋ ಕಳಿಸುತ್ತಿದ್ದರು.

ಹಾಜರಾತಿ ವಿಷಯದಲ್ಲಿ ಕಬಿನಿಯ ಈ ಕಾಕನಕೋಟೆ ಕಾಡಿಗೆ ಒಳ್ಳೆಯ ಪೂರ್ವನಿದರ್ಶನವಿದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಇಲ್ಲಿ ಆನೆಗಳನ್ನು ತಮಟೆ ಬಡಿದು, ಬೆಂಕಿ ತೋರಿಸಿ, ಹೊಳೆ ದಾಟಿಸಿ ಖೆಡ್ಡಾ ಎಂಬ ದೊಡ್ಡಿಯೊಳಗೆ ಅಟ್ಟುತ್ತಿದ್ದರು. ಮಹಾರಾಜರೂ ಅವರ ಅತಿಥಿಗಳೂ ಅಟ್ಟಣಿಗೆ ಮೇಲೆ ಕೂತು ನೋಡುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಆಮೇಲೆ ಅಣೆಕಟ್ಟಿನ ನೀರು ಆ ಕಾಡಿನ ಒಂದು ಪಾಲನ್ನು ಮುಳುಗಿಸಿದ್ದರಿಂದ, ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದ ಜಾಗದ ಹಸಿರು ಹುಲ್ಲಿಗೆ ಆನೆಗಳು ತಾವಾಗಿಯೇ ಬರುತ್ತವೆ. ತಮಟೆಯ ಖರ್ಚು ಉಳಿದಿದೆ.

ಶ್ರೀ ಚಿಪ್ಪುಹಂದಿ, ಶ್ರೀ ತರಕರಡಿ ಮತ್ತು ಕುಮಾರಿ ಕಾಡುಪಾಪ ಇವರ ವಿಚಾರಣೆಯನ್ನು ಒಟ್ಟಿಗೇ ಮಾಡಿದ್ದೇನೆ, ಏಕೆಂದರೆ ಮೂವರ ಸಬೂಬೂ ಒಂದೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಹನ್ನೊಂದನೇ ದಿನ ನಾನು ಗೈಡಿನ ಮೇಲೆ ರೇಗಿದೆ. ಅವನು ತಲೆ ಕೆರೆದುಕೊಂಡು, “ಸಾರ್, ಅವು ರಾತ್ರಿ ಪಾಳಿ” ಅಂದ. ಹಾಗಾದರೆ ರಾತ್ರಿ ಕರೆದುಕೊಂಡು ಹೋಗು ಎಂದೆ. ರಾತ್ರಿ ಸಫಾರಿ ನಿಷೇಧ ಸಾರ್ ಅಂದ. ಅಂದರೆ ಕತ್ತಲಾದ ಮೇಲೆ ಕೆಲಸಕ್ಕೆ ಬರುವವರನ್ನು ನೋಡಲು, ಕತ್ತಲಾಗುವ ಮೊದಲೇ ಬಾಗಿಲು ಹಾಕುವ ಕಚೇರಿಗೆ ನಾನು ದುಡ್ಡು ಕಟ್ಟಿದ್ದೆ. ಹನ್ನೊಂದು ದಿನ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಶ್ರೀ ತರಕರಡಿಯವರು 2014ರ ಸುಮಾರಿಗೆ ಕಾವೇರಿ ವನ್ಯಧಾಮದಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಮುಖ ತೋರಿಸಿರುವುದು ದಾಖಲಾಗಿದೆ. ಯಂತ್ರಕ್ಕೆ ಸಿಗುವವರು ಹಿರಿಯ ನಾಗರಿಕನಿಗೆ ಏಕೆ ಸಿಗುವುದಿಲ್ಲ ಎಂಬುದಕ್ಕೆ ವಿವರಣೆ ಕೊಡತಕ್ಕದ್ದು. ಕುಮಾರಿ ಕಾಡುಪಾಪ ನನ್ನ ಮನೆಯವಳಿಗೆ ಪರಿಚಯವಂತೆ. ಅವಳ ತವರು ದೇವರಾಯನದುರ್ಗದ ಕೆಳಗೆ. ಚಿಕ್ಕಂದಿನಲ್ಲಿ ಹುಣಸೆಮರದಲ್ಲಿ ಲಾಟೀನು ಎತ್ತಿ ಹಿಡಿದರೆ ಎರಡು ಕೆಂಡದಂಥ ಕಣ್ಣು ಕಾಣುತ್ತಿದ್ದವಂತೆ. “ಹಿಡಿ ಗಾತ್ರ ರೀ. ಕೊಂಬೆ ಮೇಲೆ ಸೊಸೆ ನಡೆದ ಹಾಗೆ ಸದ್ದಿಲ್ಲದೆ ನಡೆಯುತ್ತಿತ್ತು” ಎಂದಳು. ಇದನ್ನು ನಲವತ್ತು ವರ್ಷ ಏಕೆ ಹೇಳಲಿಲ್ಲ ಎಂದರೆ, ನಾನು ಕೇಳಲಿಲ್ಲವಂತೆ. ಆ ಹುಣಸೆಮರ ರಸ್ತೆ ಅಗಲ ಮಾಡುವಾಗ ಹೋಯಿತಂತೆ. ಆ ರಸ್ತೆಯ ಭೂಸ್ವಾಧೀನದ ಕಡತ ಯಾರ ಮೇಜಿನ ಮೇಲೆ ಹಾದುಹೋಯಿತು ಎಂಬುದು ಈ ನೋಟಿಸಿನ ವ್ಯಾಪ್ತಿಗೆ ಬರುವುದಿಲ್ಲ.

ಶ್ರೀ ಚಿಪ್ಪುಹಂದಿಯವರನ್ನು ಕಂಡೆ ಎಂದವರು ಹದಿನಾಲ್ಕು ದಿನದಲ್ಲಿ ಒಬ್ಬರೂ ಸಿಗಲಿಲ್ಲ. ನನ್ನ ಮನೆಯವಳೇ ಹೇಳಿದಳು: “ಪೇಪರಿನಲ್ಲಿ ಬರುತ್ತಲ್ಲ ರೀ, ಮೇಜಿನ ಮೇಲೆ ಇಟ್ಟು, ಹಿಂದೆ ಪೊಲೀಸರು ಸಾಲಾಗಿ ನಿಂತು.” ಹೌದು, ನಾನೂ ನೋಡಿದ್ದೆ. ಹಲ್ಲಿಲ್ಲದ, ಇರುವೆ ಗೆದ್ದಲು ತಿಂದು ಬದುಕುವ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಪ್ರಾಣಿ. ಸುತ್ತಿಕೊಂಡದ್ದನ್ನು ಚೀಲಕ್ಕೆ ಹಾಕುವುದು ಸುಲಭವಂತೆ. ತಮ್ಮ ಮೇಲಿನ ಆರೋಪವನ್ನು ತಾತ್ಕಾಲಿಕವಾಗಿ ಕಾಯ್ದಿರಿಸಿದ್ದೇನೆ.

ಶ್ರೀಮತಿ ಮಲಬಾರ್ ಪುನುಗುಬೆಕ್ಕಿನವರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನಾನು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ಬೆರಳು ಒತ್ತಿ, ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಟ್ಟು ಬರುತ್ತೇನೆ. ತಾವು ಎಂಬತ್ತರ ದಶಕದ ಕೊನೆಯಲ್ಲಿ ಕೇರಳದ ಮಲಪ್ಪುರಂ ಕಡೆ ಸಿಕ್ಕಿದ್ದಿರಿ, ಅದೂ ಬರೀ ಚರ್ಮ. ತಮ್ಮನ್ನು ಕರಪತ್ರದಲ್ಲಿ ‘ಅದೃಷ್ಟವಿದ್ದರೆ’ ಎಂದು ಅಚ್ಚು ಹಾಕಿದವರ ಧೈರ್ಯ ದೊಡ್ಡದು.

ತಮಗೆ ಸೌಲಭ್ಯಗಳ ಕೊರತೆ ಇದೆ ಎಂದು ವಾದಿಸಲಾಗದು. ಬಂಡೀಪುರದ ಹೆದ್ದಾರಿಯನ್ನು 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ತಮಗೇ ಬಿಟ್ಟಿದ್ದೇವೆ. ಕಾಡಿನೊಳಗಿದ್ದ ಜೇನುಕುರುಬರ ಹಾಡಿಗಳನ್ನೂ ತಮ್ಮ ನೆಮ್ಮದಿಗಾಗಿ ಎಬ್ಬಿಸಿ ಹೊರಗೆ ಹಾಕಿದ್ದೇವೆ. ಅವರ ಗುಡಿಸಿಲಿನದೇ ಮಾದರಿಯಲ್ಲಿ, ಬಿದಿರು ತಡಿಕೆ ಹುಲ್ಲು ಮಾಡು ಇಟ್ಟು ಕಟ್ಟಿದ ಕಬಿನಿಯ ಕಾಟೇಜಿನಲ್ಲಿ ನಾವು ನಾಲ್ಕು ರಾತ್ರಿ ಮಲಗಿದೆವು. ಒಳಗೆ ಎ.ಸಿ. ಇತ್ತು.

ನಮ್ಮ ಜೀಪಿನ ಡ್ರೈವರ್ ಅದೇ ಜನದ ಹುಡುಗ. ಅವನ ತಾತ ಖೆಡ್ಡಾದಲ್ಲಿ ಆನೆ ಅಟ್ಟಿದವನಂತೆ. ಜಿಂಕೆ ಕೂಗಿದ್ದು ಹುಲಿಗೋ ಚಿರತೆಗೋ ಎಂದು ಅವನು ಕಿವಿಯಲ್ಲೇ ಹೇಳುತ್ತಿದ್ದ. ಅಲ್ಲಿನ ಕೊನೆಯ ಸಂಜೆ ಚಹಾ ಅಂಗಡಿಯಲ್ಲಿ ಒಬ್ಬ ರೈತ ನಮ್ಮ ಕರಪತ್ರ ನೋಡಿ ನಕ್ಕ. “ಹುಲಿ ಕಾಣಲಿಲ್ವಾ? ನಮ್ಮ ಹೊಲಕ್ ಬನ್ನಿ ಬುದ್ಧಿ, ಟಿಕೇಟಿಲ್ಲ” ಅಂದ. ಡ್ರೈವರ್ ನಗಲಿಲ್ಲ.

ನಾವು ಬಂದ ಮೇಲೆ, 2025ರ ಅಕ್ಟೋಬರ್, ನವೆಂಬರಿನಲ್ಲಿ, ಸರಗೂರು ಕಡೆ ರೈತರು ಹುಲಿ ದಾಳಿಗೆ ಸತ್ತರು. ನವೆಂಬರಿನಲ್ಲೇ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿತು. ಆ ವಾರ ಡ್ರೈವರಿಗೆ ಫೋನ್ ಮಾಡಿದೆ. ಈ ನೋಟಿಸು ಜಾರಿಯಾಗಬೇಕಿತ್ತು. ಪಕ್ಷಕಾರರು ಸಿಗದಿದ್ದರೆ ಮನೆ ಬಾಗಿಲಿಗೆ ಅಂಟಿಸಿ, ಇಬ್ಬರು ಪಂಚರ ಸಹಿ ಪಡೆದು ಮಹಜರು ಬರೆಯುವುದು ನಮ್ಮಲ್ಲಿ ರೂಢಿ. ಆ ಮೊನ್ನೆಯ ಮರಕ್ಕೆ ಒಂದು ಪ್ರತಿ ಅಂಟಿಸಿ ಬಾ ಎಂದೆ.

“ಈಗ ನಾನೂ ಒಳಿಕ್ ಹೋಗಂಗಿಲ್ಲ ಸಾರ್” ಅಂದ. ಸ್ವಲ್ಪ ಹೊತ್ತು ಬಿಟ್ಟು, “ನಮ್ ತಾತ ಇದ್ದಿದ್ರೆ ಅಂಟಿಸ್ತಿದ್ದ. ಆ ಮರದ ಕೆಳಗೇ ಅವನ ಮನೆ ಇದ್ದಿದ್ದು” ಅಂದ.

ಆದಕಾರಣ ನೋಟಿಸನ್ನು ಈ ಮೂಲಕ ಬಹಿರಂಗವಾಗಿ ಪ್ರಕಟಿಸಲಾಗಿದೆ. ಇದು ತಲುಪಿದ ಹದಿನೈದು ದಿನದೊಳಗೆ ತಮ್ಮ ಲಿಖಿತ ಸಮಜಾಯಿಷಿಯನ್ನೂ, ತಾವು ಹಾಲಿ ವಾಸವಿರುವ ಸ್ಥಳದ ಪೂರ್ಣ ವಿಳಾಸವನ್ನೂ ಮರುಟಪಾಲಿನಲ್ಲಿ ಕಳುಹಿಸತಕ್ಕದ್ದು.

ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ

ವಿ.ಸೂ.: ಕರಡು ಓದಿದ ನನ್ನ ಮನೆಯವಳು ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ಯಥಾವತ್ತಾಗಿ ಲಗತ್ತಿಸಿದೆ: ‘ವಿಳಾಸ ಕೊಡಬೇಡ್ರಪ್ಪ.’