ಹನ್ನೆರಡಕ್ಕೆ ನಾಲ್ಕು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. 'ಸರ್' ಅಂದರೆ ಆಗದು. ಅದು ಕಾಲೇಜಿನ ಕಾಯಿಲೆಯಂತೆ. ಇಂಜಿನಿಯರಿಂಗ್ ಸೇರಿ, ಎಂ-ಟು ಎಂಬ ಗಣಿತದ ಪೇಪರಿನ ಹತ್ತಿರ ಕಾಲು ಜಾರಿ ಹೊರಬಂದವರು. ಇಯರ್ ಬ್ಯಾಕ್ ಆಯಿತು ಅನ್ನುವುದು ಯೂನಿವರ್ಸಿಟಿಯ ವಾದ. ಇವರ ವಾದದಲ್ಲಿ ಇವರೇ ಕಾಲೇಜನ್ನು ಕೈಬಿಟ್ಟದ್ದು.

1975ರಲ್ಲಿ ಹಾರ್ವರ್ಡ್ ಬಿಟ್ಟ ಬಿಲ್ ಗೇಟ್ಸ್ ಇವರ ಬಾಯಲ್ಲಿ ಇವತ್ತಿಗೂ ದಿನಾ ಟೀ ಹೊತ್ತಿಗೆ ಹಾರ್ವರ್ಡ್ ಬಿಡುತ್ತಲೇ ಇದ್ದಾರೆ. 1991ರಲ್ಲಿ ಲಿನಕ್ಸ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್, ಅದರ ಮೇಲೇ ಪ್ರಬಂಧ ಬರೆದು ಹೆಲ್ಸಿಂಕಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ವಿಷಯ ಎತ್ತಿ ನೋಡಿ. ತಕ್ಷಣ ಇವರಿಗೆ ಯಾರದೋ ಫೋನು ಬರುತ್ತದೆ.

ಆದರೆ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಮೊನ್ನೆ ಫ್ರೆಷರ್ ಹುಡುಗನ ಪ್ರೋಗ್ರಾಂ ಹ್ಯಾಂಗ್ ಆಗಿ ಕೂತಿತ್ತು. ಲಕ್ಷ ಗ್ರಾಹಕರ ಪಟ್ಟಿ, ಲಕ್ಷ ಬಿಲ್ಲುಗಳ ಪಟ್ಟಿ, ಲೂಪಿನೊಳಗೆ ಲೂಪು. ಅಂದರೆ ಸಾವಿರ ಕೋಟಿ ಸಲ ಹೋಲಿಕೆ. ಇವರು ನಿಂತಲ್ಲೇ ಸ್ಕ್ರೀನಿನತ್ತ ಬಗ್ಗಿ ನೋಡಿದರು.

"ಮದುವೆ ಮನೇಲಿ ಒಂದೊಂದು ಚಪ್ಪಲಿಗೂ ರಾಶಿ ಪೂರ್ತಿ ಕೆದಕ್ತೀಯೇನೋ? ಡಿಕ್ಷನರಿಗೆ ಹಾಕು."

ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಹೌದು ಸರ್, ಇದು ಬಿಗ್ ಓ ಆಫ್ ಎನ್ ಸ್ಕ್ವೇರ್. ಎಕ್ಸಾಮಲ್ಲಿ ಬರೆದಿದ್ದೆ."

"ಗೊತ್ತಿದ್ದೂ ಹಿಂಗ್ಯಾಕೋ ಬರೆದೆ?"

"ಲ್ಯಾಬಲ್ಲಿ ಹತ್ತೇ ನಂಬರ್ ಕೊಡ್ತಿದ್ರು ಸರ್."

'ಎನ್ ಸ್ಕ್ವೇರ್' ಎಂಬ ಆ ರೋಗದ ಹೆಸರು ಇವರು ಕೇಳಿದ್ದು ಅದೇ ಮೊದಲೆಂದು ನನ್ನ ಗುಮಾನಿ. ಸಂಜೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಯೂಟ್ಯೂಬ್ ನೋಡುತ್ತಿದ್ದರು, ಹೆಡ್‌ಫೋನ್ ಹಾಕಿ.

ಎಡವಟ್ಟಾದದ್ದು ಅಮೆರಿಕಕ್ಕೆ ಹೋಗುವ ವಿಷಯದಲ್ಲಿ. ಎಚ್-1ಬಿ ವೀಸಾಕ್ಕೆ ಡಿಗ್ರಿ ಬೇಕು. ಇಲ್ಲದವರಿಗೂ ದಾರಿಯಿದೆ: ಕಾಲೇಜಿನ ಒಂದು ವರ್ಷಕ್ಕೆ ಕೆಲಸದ ಮೂರು ವರ್ಷ ಸಮ. ವಕೀಲರು ಲೆಕ್ಕ ಹಾಕಿ, ಇವರ ಹನ್ನೆರಡು ವರ್ಷದ ನಿದ್ದೆಗೆಟ್ಟ ದುಡಿಮೆ ನಾಲ್ಕು ವರ್ಷದ ಓದಿಗೆ ಸರಿಹೋಗುತ್ತದೆ ಎಂದರು.

"ಲಾಸ್ಟ್ ಬೆಂಚಲ್ಲಿ ಗೊರಕೆ ಹೊಡೆದವನ ಒಂದು ವರ್ಷಕ್ಕೆ ನನ್ನ ಮೂರು ವರ್ಷಾನಾ?" ಎಂದು ಇಡೀ ಫ್ಲೋರಿಗೆ ಕೇಳುವಂತೆ ಕೂಗಾಡಿದರು. ಎರಡು ದಿನ ಬಿಲ್ ಗೇಟ್ಸ್ ಕೂಡ ಹಾರ್ವರ್ಡಿನಲ್ಲೇ ಉಳಿದರು.

ಪದವಿಗೆ ಸಮಾನ ಎಂಬ ಪತ್ರ ಕೈಸೇರಿದ ಮೇಲೆ ಮಾತ್ರ ಮುಖ ಅರಳಿತು. ಅಷ್ಟರಲ್ಲೇ ತಮ್ಮನ ಮದುವೆ. ಲಗ್ನಪತ್ರಿಕೆಯ ಕರಡಿನಲ್ಲಿ ಭಾವಂದಿರೆಲ್ಲ ಬಿ.ಇ., ಎಂ.ಟೆಕ್. ಇವರ ಹೆಸರಿನ ಪಕ್ಕವೂ ಬಿ.ಎಸ್. ಎಂದು ಸೇರಿ, ಕಂಸದಲ್ಲಿ 'ಸಮಾನ' ಎಂದಿತ್ತು.

ಕಂಸದೊಳಗಿನದು ಯಾವ ಸೈಜು ಸರ್ ಎಂದು ಕೇಳಿದ ಪ್ರೆಸ್ಸಿನವನು. ಅವನು ಸರ್ ಅಂದದ್ದಕ್ಕೆ ಇವರು ತಕರಾರು ಮಾಡಲಿಲ್ಲ.

"ನಿಮ್ಮಲ್ಲಿರೋದರಲ್ಲಿ ಎಲ್ಲಕ್ಕಿಂತ ಸಣ್ಣದು."